ಮಾರ್ಕೋನಹಳ್ಳಿ ಡ್ಯಾಮನ್ನು ಸಂಜೆಗೆ ಇಟ್ಟುಕೊಳ್ಳಿ

ನನ್ನ ತವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಅಮೃತೂರಿನ ಹತ್ತಿರದ ಹಳ್ಳಿ. ದಸರಾ ರಜೆಗೆ ತುಮಕೂರಿನಿಂದ ಮೊಮ್ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ದಿನ ಮಾರ್ಕೋನಹಳ್ಳಿಗೇ ಮೀಸಲು. ಜಾಸ್ತಿ ಜನ ನೇರ ಡ್ಯಾಮಿಗೆ ಬಂದು, ಫೋಟೋ ತೆಗೆದುಕೊಂಡು, ವಾಪಸ್ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಸುತ್ತಲಿನ ಊರುಗಳನ್ನು ನೋಡಿಕೊಂಡು ಕೊನೆಗೆ ನೀರಿನ ಹತ್ತಿರ ಬನ್ನಿ.

ಬೆಳಿಗ್ಗೆ ಕುಣಿಗಲ್‌ನಿಂದ ಶುರು ಮಾಡಿ. ತಟ್ಟೆ ಇಡ್ಲಿ ತಿಂದು, ಬಿಸಿಲೇರುವ ಮೊದಲೇ ದೊಡ್ಡಕೆರೆಯ ಏರಿ ಮೇಲೆ ಒಂದಷ್ಟು ದೂರ ನಡೆಯಿರಿ. ಅಜ್ಜಿಯರು ಹಾಡು ಕಟ್ಟಿ ಹಾಡಿದ ಕೆರೆ ಇದು. ಕುದುರೆ ಫಾರಂ ಇರುವುದೂ ಇದೇ ಊರಲ್ಲಿ, ಟಿಪ್ಪು ಕಾಲದ್ದು.

ಅಲ್ಲಿಂದ ಹಾಸನದ ರಸ್ತೆ ಹಿಡಿದರೆ ಸುಮಾರು 20 ಕಿಲೋಮೀಟರ್‌ಗೆ ಎಡೆಯೂರು. ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು ದಾಸೋಹದಲ್ಲಿ ಊಟ ಮಾಡಿ. ಮಧ್ಯಾಹ್ನದ ಊಟಕ್ಕೆ ಬೇರೆ ಕಡೆ ಹುಡುಕುವುದೇ ಬೇಡ.

ಊಟವಾದ ಮೇಲೆ ಕಗ್ಗೆರೆ. ಎಡೆಯೂರಿಗೆ ಬಂದವರಲ್ಲಿ ಎಷ್ಟೋ ಜನ ಇಲ್ಲಿಗೆ ಬರುವುದೇ ಇಲ್ಲ, ನನಗೆ ಬೇಜಾರಾಗುತ್ತದೆ. ನಾಗಿನಿ ನದಿ ದಂಡೆಯ ಪುಟ್ಟ ಊರು. ಸಿದ್ಧಲಿಂಗರು ಇಲ್ಲಿನ ತೋಟದಲ್ಲಿ ತಪಸ್ಸಿಗೆ ಕೂತರು, ಅದಕ್ಕೇ ತೋಂಟದ ಸಿದ್ಧಲಿಂಗರು ಅಂತ ಹೆಸರು. ಮೈಮೇಲೆ ಹುತ್ತ ಬೆಳೆಯಿತಂತೆ, ಹಸುವೊಂದು ದಿನಾ ಬಂದು ಹುತ್ತಕ್ಕೆ ಹಾಲು ಸುರಿಸುತ್ತಿತ್ತಂತೆ. ಈ ಕಥೆಯನ್ನು ಮಕ್ಕಳಿಗೆ ಇಲ್ಲೇ ಕೂತು ಹೇಳಿ. ನನ್ನ ಮೊಮ್ಮಗಳು ಕೇಳಿದ ಮೇಲೆ ಎದುರಿಗೆ ಬಂದ ಪ್ರತಿ ಹಸುವನ್ನೂ ನಿಂತು ಮಾತಾಡಿಸಿಕೊಂಡು ಬಂದಳು.

ನಾಲ್ಕು ಗಂಟೆ ಹೊತ್ತಿಗೆ ಡ್ಯಾಮಿಗೆ ಹೋಗಿ. ನಮ್ಮ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿದ ಶಿಂಷಾ ಇಲ್ಲಿ ಬಂದು ನಿಲ್ಲುತ್ತಾಳೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕಟ್ಟೆ. ಇದರ ವಿಶೇಷ ಸೈಫನ್. ಹಿಂದೆ ಕ್ಯಾನಿನಿಂದ ಸೀಮೆಎಣ್ಣೆಯನ್ನು ಪೈಪಿನಲ್ಲಿ ಎಳೆಯುತ್ತಿದ್ದೆವಲ್ಲ, ಅದೇ ಉಪಾಯ. ನೀರು ತುಂಬಿ ಮಟ್ಟ ದಾಟಿತು ಅಂದರೆ ಒಳಗಿನ ಗಾಳಿ ಹೊರಬಿದ್ದು ನೀರು ತಾನಾಗಿಯೇ ನುಗ್ಗುತ್ತದೆ. ಮಟ್ಟ ಇಳಿದರೆ ಗಾಳಿ ಹೊಕ್ಕು ತಾನಾಗಿಯೇ ನಿಲ್ಲುತ್ತದೆ. ಯಾರೂ ಗೇಟ್ ಎತ್ತಬೇಕಿಲ್ಲ.

ಅದಕ್ಕೇ ಇಲ್ಲಿ ಹುಷಾರು ಬೇಕು. ನೀರು ಬರುವ ಮುಂಚೆ ಯಾರೂ ಕೂಗಿ ಹೇಳುವುದಿಲ್ಲ. ಈಗ ಮೊಣಕಾಲುದ್ದ ಇದ್ದ ನೀರು ಕಣ್ಣುಮುಚ್ಚಿ ತೆಗೆಯುವುದರೊಳಗೆ ಎಳೆದುಕೊಂಡು ಹೋಗುತ್ತದೆ. ಹಾಗೆ ಇಳಿದವರ ಜೀವ ಹೋಗಿದೆ. ಕೋಡಿ ಕೆಳಗೆ, ಹೊಳೆಯೊಳಗೆ ಕಾಲಿಡಲೇಬೇಡಿ. ಮಕ್ಕಳು ಎಷ್ಟೇ ಹಟ ಮಾಡಲಿ, ಕೈ ಬಿಡಬೇಡಿ. ಒಂದು ಸಲ ನನ್ನ ಮೊಮ್ಮಗ ಬಿದ್ದ ಚಪ್ಪಲಿ ತರುತ್ತೇನೆಂದು ಕೈ ಕೊಸರಿಕೊಂಡ. ಚಪ್ಪಲಿ ಹೋಗಲಿ ಅಂತ ಬರಿಗಾಲಲ್ಲೇ ಮನೆಗೆ ಕರೆತಂದೆ.

ಏರಿ ಮೇಲೆ ಸುಮ್ನೆ ಕೂತರೂ ಹೊತ್ತು ಹೋಗುತ್ತದೆ. ಕಡ್ಲೆಕಾಯಿ ತೆಗೆದುಕೊಂಡು ಹೋಗಿ, ಸಿಪ್ಪೆ ಕವರಿನಲ್ಲಿ ವಾಪಸ್ ತನ್ನಿ. ಕತ್ತಲಾಗುವ ಮುಂಚೆ ಹೊರಡಿ. ಸುಗ್ಗಿ ಟೈಮಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ ತೆನೆ ಹರಡಿರುತ್ತಾರೆ, ಬೈಕ್ ಜಾರುತ್ತದೆ. ನಿಧಾನಕ್ಕೆ ಬನ್ನಿ.