ಸಿಮೆಂಟಿಲ್ಲದೆ ಕೂತ ಕಮೋಡ್

ರಾಯಚೂರಿನ ಗೌಂಡಿಗಳಿಗೆ ಸಿಮೆಂಟಿನ ಮೇಲೆ ಅಪಾರ ಭಕ್ತಿ. ಕಮೋಡಿನ ಬುಡಕ್ಕೆ ಒಂದು ಬೊಗಸೆ ಮಾಲು ಹಾಕಿ, ಅಂಚಿಗೆ ಬಿಳಿ ಸಿಮೆಂಟ್ ತೀಡಿಬಿಟ್ಟರೆ ಕೆಲಸ ಮುಗಿಯಿತು. ಅದು ಅಲುಗಾಡುವುದಿಲ್ಲ, ನಿಜ. ಆದರೆ ಒಳಗೆ ಏನಾದರೂ ಕೆಟ್ಟರೆ ಬಿಚ್ಚಲೂ ಬರುವುದಿಲ್ಲ, ಒಡೆಯಬೇಕು. ನಮ್ಮ ಮನೆಯದನ್ನು ಹಾಗೆ ಒಡೆದು ತೆಗೆದ ಮೇಲೆ ಹೊಸದನ್ನು ನಾನೇ ಸ್ಕ್ರೂ ಮತ್ತು ಸಿಲಿಕೋನ್ ಹಾಕಿ ಕೂರಿಸಿದೆ. ನಾನು ಪ್ಲಂಬರ್ ಅಲ್ಲ, ಪಾನಾ ಹಿಡಿಯಲು ಹಿಂಜರಿಯದ ಮನೆಯವನು ಅಷ್ಟೇ.

ಮೊದಲು ತಕರಾರು ತೆಗೆದದ್ದು ಫ್ಲಶ್ ಟ್ಯಾಂಕು. ರಾತ್ರಿಯಿಡೀ ಸಣ್ಣಗೆ ನೀರು ಹರಿಯುವ ಸದ್ದು, ಬೆಳಗಾಗುವಷ್ಟರಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಗಣನೀಯವಾಗಿ ಇಳಿದಿರುತ್ತಿತ್ತು. ನೋಡಲು ಬಂದ ಪ್ಲಂಬರ್ ಮುಚ್ಚಳವನ್ನೂ ತೆಗೆಯದೆ, 'ಟ್ಯಾಂಕೇ ಬದಲಿಸಿಬಿಡಿ' ಎಂದ. ಅವನನ್ನು ಕಳುಹಿಸಿ, ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ಟ್ಯಾಂಕಿನ ನೀರಿನಲ್ಲಿ ಕದಡಿ, ಯಾರೂ ಫ್ಲಶ್ ಒತ್ತಬಾರದೆಂದು ಮನೆಯವರಿಗೆ ಹೇಳಿ ಅರ್ಧ ಗಂಟೆ ಬಿಟ್ಟೆ. ಕಮೋಡಿನೊಳಗಿನ ನೀರು ಕೇಸರಿಯಾಗಿತ್ತು. ಅಂದರೆ ಟ್ಯಾಂಕಿನಿಂದ ನೀರು ಕಮೋಡಿಗೆ ಇಳಿಯುತ್ತಿದೆ. ಅದಕ್ಕೆ ದಾರಿ ಎರಡೇ. ತಳದ ರಬ್ಬರ್ ಸರಿಯಾಗಿ ಕೂರದೆ ಸೋರಬೇಕು, ಇಲ್ಲವೇ ತೇಲುವ ಬುಂಡೆ ಹೊತ್ತಿಗೆ ನೀರು ನಿಲ್ಲಿಸದೆ ನಡುವಿನ ಕೊಳವೆಯ ಬಾಯಿಯಿಂದ ಒಳಗೆ ಸುರಿಯಬೇಕು. ನೀರಿನ ಮಟ್ಟ ಆ ಬಾಯಿಗಿಂತ ಸುಮಾರು ಒಂದು ಇಂಚು ಕೆಳಗೇ ಇದ್ದುದರಿಂದ ಅನುಮಾನ ರಬ್ಬರಿನ ಮೇಲೆ ಹೋಯಿತು.

ನಮ್ಮ ಬೋರ್‌ವೆಲ್ ನೀರು ಗಡಸು. ನಳದ ಮೂತಿಗೆ, ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಸುಣ್ಣವೇ ಟ್ಯಾಂಕಿನ ತಳದಲ್ಲೂ ಕಟ್ಟುತ್ತದೆ. ರಬ್ಬರನ್ನು ಹೊರತೆಗೆದು ಅಂಚಿನ ಮೇಲೆ ಬೆರಳಾಡಿಸಿದರೆ ರವೆಯಷ್ಟು ಸಣ್ಣ ಹರಳುಗಳು ತಾಗುತ್ತಿದ್ದವು. ಒಂದೇ ಒಂದು ಹರಳು ಅಡ್ಡ ಬಂದರೂ ಸಾಕು, ನೀರು ಅಲ್ಲಿಂದ ಇಳಿಯುತ್ತದೆ. ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಪ್ಲಾಸ್ಟಿಕ್ ಭಾಗಗಳನ್ನು ನೆನೆಹಾಕಿದೆ. ನೊರೆ ಬಂದು ಸುಣ್ಣ ಬಿಟ್ಟಿತು. ರಬ್ಬರು ಗಡುಸಾಗಿ ಮಡಚಲೂ ಬಾರದಂತಾಗಿತ್ತು, ಅದನ್ನು ಮಾತ್ರ ಹೊಸದು ಹಾಕಿದೆ. ಸದ್ದು ನಿಂತಿತು.

ಆದರೆ ಕಮೋಡಿನ ಬುಡದಲ್ಲಿ ಕಾಣುತ್ತಿದ್ದ ತೇವ ನಿಲ್ಲಲಿಲ್ಲ. ಸುತ್ತ ಒರೆಸಿ ಒಣಗಿಸಿ ಹಳೆಯ ಪತ್ರಿಕೆ ಹಾಸಿ ಕಾದು ನೋಡಿದೆ. ಸುಮ್ಮನಿದ್ದಾಗಲೂ ಕಾಗದ ಒದ್ದೆಯಾದರೆ ತಪ್ಪು ನೀರಿನ ಪೈಪಿನದು ಅಥವಾ ಟ್ಯಾಂಕಿನದು. ಫ್ಲಶ್ ಒತ್ತಿದಾಗ ಮಾತ್ರ ಒದ್ದೆಯಾದರೆ ನೆಲದ ಸಂದಿನದು, ಇಲ್ಲವೇ ಕಮೋಡೇ ಸೀಳಿದೆ. ನಮ್ಮದು ಎರಡನೆಯ ಬಗೆ. ಟಾರ್ಚ್ ಹಿಡಿದು ನೋಡಿದಾಗ ಹಿಂಭಾಗದಲ್ಲಿ ಕೂದಲೆಳೆಯಂಥ ಸೀಳು ಸಿಮೆಂಟಿನೊಳಗೆ ಇಳಿದು ಹೋಗಿತ್ತು. ಪಿಂಗಾಣಿಯ ಸೀಳಿಗೆ ಅಂಟು ಹಚ್ಚಿ ಕಾಲ ಹಾಕುವುದರಲ್ಲಿ ಅರ್ಥವಿಲ್ಲ, ಬದಲಿಸಲೇಬೇಕು.

ಅಂಗಡಿಗೆ ಹೋಗುವ ಮೊದಲು ತಿಳಿದಿರಬೇಕಾದ ಅಳತೆ ಒಂದಿದೆ. ತೀನ್ ಕಂದೀಲ್ ಕಡೆಯ ಅಂಗಡಿಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆಯೇ, 'ಎಸ್ಸೋ ಪಿಯೋ ಸರ್? ಎಷ್ಟು ಇಂಚು?' ಹೊರದಾರಿ ನೆಲಕ್ಕೆ ಇಳಿದರೆ ಎಸ್ ಟ್ರ್ಯಾಪ್, ಹಿಂದಿನ ಗೋಡೆಗೆ ಹೋದರೆ ಪಿ ಟ್ರ್ಯಾಪ್. ಎಸ್ ಆದರೆ ಗೋಡೆಯಿಂದ ನೆಲದ ತೂತಿನ ನಡುವಿಗೆ ಎಷ್ಟು ದೂರ ಎಂಬುದು ಮುಖ್ಯ. ನಮ್ಮಲ್ಲಿ ನಾಲ್ಕು, ಒಂಬತ್ತು, ಹನ್ನೆರಡು ಇಂಚಿನವು ಹೆಚ್ಚಾಗಿ ಸಿಗುತ್ತವೆ. ಅಳೆಯುವುದು ಟೈಲ್ಸಿನ ಮೇಲ್ಮೈಯಿಂದ. ನಮ್ಮದು ಒಂಬತ್ತು. ಬಣ್ಣ, ಆಕಾರ ನೋಡಿ ಮನಸೋತು ಹನ್ನೆರಡಿನದನ್ನು ತಂದರೆ ಅದು ಗೋಡೆಗೆ ತಾಗಿಯೂ ತೂತಿಗೆ ಕೂರುವುದಿಲ್ಲ. ನಾಲ್ಕಿನದನ್ನು ತಂದರೆ ಹಿಂದೆ ಐದು ಇಂಚು ಜಾಗ ಬಿದ್ದಿರುತ್ತದೆ. ಫ್ಲಶ್ಶಿಗೆ ಮೂರು ಮತ್ತು ಆರು ಲೀಟರಿನ ಎರಡು ಗುಂಡಿಯದನ್ನು ಆರಿಸಿದೆ. ಬೇಸಿಗೆಯಲ್ಲಿ ನೀರಿಗೆ ಪರದಾಡುವ ಊರಿಗೆ ಹತ್ತು ಲೀಟರಿನ ಹಳೆಯ ಟ್ಯಾಂಕು ಶೋಭಿಸುವುದಿಲ್ಲ.

ಹಳೆಯದನ್ನು ಕೀಳುವುದೇ ದೊಡ್ಡ ಕೆಲಸ. ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಳ, ಅಂದರೆ ಆಂಗಲ್ ಕಾಕ್ ಮುಚ್ಚಿ, ಟ್ಯಾಂಕು ಖಾಲಿ ಮಾಡಿ, ಒಳಗೆ ನಿಂತ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆದೆ. ಬಳಿಕ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉಳಿ ಹಿಡಿದು ಸಿಮೆಂಟನ್ನು ಚೂರು ಚೂರೇ ಒಡೆದೆ. ಒಡೆದ ಪಿಂಗಾಣಿ ಬ್ಲೇಡಿಗಿಂತ ಹರಿತ. ದಪ್ಪ ಕೈಗವಸು ಇಲ್ಲದೆ ಮುಟ್ಟಬಾರದು. ಪಕ್ಕದ ಮನೆಯ ಹಿರಿಯರು ಇಣುಕಿ, 'ಇಂಥ ಕೆಲಸಕ್ಕೆ ಬೇರೆ ಜನ ಇರುತ್ತಾರಲ್ಲಪ್ಪ' ಎಂದರು. ನಮ್ಮ ಮನೆಯ ಪೈಪಿಗೆ ನಮ್ಮ ಕೈ ಹೋಗಬಾರದು, ಇನ್ನೊಬ್ಬರ ಕೈ ಹೋಗಬಹುದು ಎಂಬ ಲೆಕ್ಕ ನನಗೆ ಎಂದೂ ಅರ್ಥವಾಗಿಲ್ಲ. ರಕ್ಷಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಆದರೂ ಹಾಗೆ ಕರೆಯುವವರು ಇದ್ದಾರೆ.

ಕಮೋಡ್ ಎತ್ತಿದ ಮೇಲೆ ಪೈಪಿನ ಬಾಯಿ ಕಂಡಿತು. ನಾಲ್ಕು ಇಂಚಿನ ಪೈಪಿನೊಳಗೆ ಒಂದು ಪಕ್ಕಕ್ಕೆ ಅಂಗೈಯಷ್ಟು ಸಿಮೆಂಟು ಇಳಿದು ಕಲ್ಲಾಗಿತ್ತು. ಅದರ ಒರಟು ಅಂಚಿಗೆ ಹಳೆಯ ಬಟ್ಟೆಯ ಎಳೆ, ಕೂದಲು ಸಿಕ್ಕಿಕೊಂಡು ಕಪ್ಪಾಗಿತ್ತು. ಇಷ್ಟು ವರ್ಷ ಎರಡೆರಡು ಸಲ ಫ್ಲಶ್ ಮಾಡಿಸಿದ್ದು ಇದೇ. ಅದನ್ನು ಕೆತ್ತುವ ಮೊದಲು ಒಳಗೆ ಹಳೆಯ ಟವೆಲನ್ನು ದಾರ ಕಟ್ಟಿ ತುರುಕಿದೆ. ಚೂರುಗಳು ಕೆಳಗೆ ಬೀಳುವುದಿಲ್ಲ, ವಿಷಾನಿಲವೂ ಕೋಣೆಗೆ ಬರುವುದಿಲ್ಲ. ದಾರ ಇಲ್ಲದಿದ್ದರೆ ಟವೆಲೇ ಒಳಗೆ ಜಾರಿ ಹೊಸ ತಲೆನೋವಾದೀತು.

ಹೊಸದನ್ನು ಮೊದಲು ಸುಮ್ಮನೆ ಇಟ್ಟು, ತೂತುಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ನಮ್ಮ ನೆಲ ಶಹಾಬಾದಿನ ಪರಸಿ ಕಲ್ಲಿನದು. ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಿದರೆ ಕಲ್ಲು ಪದರ ಎದ್ದು ಬರುವುದಿಲ್ಲ. ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂಗಳನ್ನೇ ಬಳಸಿದೆ. ಟವೆಲ್ ತೆಗೆದು, ಪೈಪಿಗೆ ರಬ್ಬರ್ ಕನೆಕ್ಟರ್ ಕೂರಿಸಿ, ಮಗನ ಸಹಾಯದಿಂದ ಕಮೋಡನ್ನು ನೇರವಾಗಿ ಅದರೊಳಕ್ಕೆ ಇಳಿಸಿದೆ. ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಡೆ ತೆಳು ಪ್ಲಾಸ್ಟಿಕ್ ಚೂರು ಕೊಟ್ಟೆ. ಸ್ಕ್ರೂಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಒಂದೇ ಕಡೆ ಬಲ ಹಾಕಿದರೆ ಪಿಂಗಾಣಿ ಟಪ್ ಎನ್ನುತ್ತದೆ, ದುಡ್ಡೂ ಹೋಗುತ್ತದೆ.

ಮತ್ತೆ ಪತ್ರಿಕೆ ಹಾಸಿ ಹಲವು ಸಲ ಫ್ಲಶ್ ಮಾಡಿದೆ. ಕಾಗದ ಒಣಗಿಯೇ ಇತ್ತು. ಆಮೇಲೆ ಮುಂದೆ ಮತ್ತು ಪಕ್ಕಗಳಲ್ಲಿ ಸಿಲಿಕೋನ್ ಎಳೆದು, ಹಿಂದೆ ಎರಡು ಇಂಚು ಬಿಟ್ಟೆ. ಮಹಡಿಯ ಕೆಲಸಕ್ಕೆ ಬಂದಿದ್ದ ಗೌಂಡಿ ಅದನ್ನು ನೋಡಿ, 'ಸಾಹೇಬರೇ, ಹಿಂದೆ ಬಿಟ್ಟುಹೋಗಿದೆ' ಎಂದ. ಬೇಕೆಂದೇ ಬಿಟ್ಟದ್ದು. ನಾಳೆ ಕನೆಕ್ಟರ್ ಸೋರಿದರೆ ನೀರು ಆ ಕಿಂಡಿಯಿಂದ ಹೊರಬಂದು ತಿಳಿಸುತ್ತದೆ. ಸುತ್ತಲೂ ಮುಚ್ಚಿದರೆ ಒಳಗೊಳಗೇ ನೆಲ ಕೊಳೆಯುತ್ತದೆ. ಅವನು, 'ಸ್ವಲ್ಪ ಬಿಳಿ ಸಿಮೆಂಟ್ ಹಾಕಿದ್ದರೆ ಚೆಂದ ಕಾಣುತ್ತಿತ್ತು' ಎಂದು ಹೇಳಿಯೇ ಹೋದ. ಸಿಲಿಕೋನ್ ಒಣಗಲು ಒಂದು ಪೂರ್ತಿ ದಿನ ಯಾರನ್ನೂ ಕೂರಲು ಬಿಡಲಿಲ್ಲ.

ಸುಣ್ಣದ ಕಲೆಗೆ ಈಗಲೂ ಸಿಟ್ರಿಕ್ ಆಮ್ಲವನ್ನೇ ಬಳಸುತ್ತೇನೆ. ಬಾಟಲಿಯ ಆ್ಯಸಿಡ್ ಲೋಹದ ಭಾಗಗಳನ್ನು ತಿನ್ನುತ್ತದೆ, ಸೆಪ್ಟಿಕ್ ಟ್ಯಾಂಕಿನಲ್ಲಿ ಮಲ ಕರಗಿಸುವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಯಾವುದೇ ಆಮ್ಲವನ್ನು ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ಇನ್ನು ಆಂಗಲ್ ಕಾಕನ್ನು ಆಗಾಗ ಪೂರ್ತಿ ಮುಚ್ಚಿ ತೆರೆಯುತ್ತಿರಬೇಕು. ನಮ್ಮ ನೀರಿಗೆ ಅದು ಸುಣ್ಣ ಕಟ್ಟಿ ಬಿಗಿದುಕೊಂಡರೆ, ಪೈಪು ಒಡೆದ ದಿನವೇ ತಿರುಗುವುದಿಲ್ಲ.