ಹಳೆಯ ಕ್ಷೌರದ ಕತ್ತಿ ಯಾರು ಮಾಡಿದ್ದು? ನಾನು ಪತ್ತೆ ಹಚ್ಚುವ ಬಗೆ

ನಾನು ಕೂಡಿಸಿಡುವುದು ಹಳೆಯ ಕ್ಷೌರದ ಕತ್ತಿಗಳನ್ನು. ಈಗ ಸೆಲೂನಿನಲ್ಲಿ ಅರ್ಧ ಬ್ಲೇಡ್ ಸಿಕ್ಕಿಸಿ ಬಳಸುತ್ತಾರಲ್ಲ, ಅದಲ್ಲ. ವರ್ಷಗಟ್ಟಲೆ ಮಸೆದು ಮಸೆದು ಬಳಸುತ್ತಿದ್ದ ಮಡಚುವ ಕತ್ತಿ. ಗುಜರಿ ಅಂಗಡಿಗಳಲ್ಲಿ, ಬೆಂಗಳೂರಿನ ಸಂಡೆ ಬಜಾರಿನಲ್ಲಿ ನನ್ನ ಕಣ್ಣಿಗೆ ಬಿದ್ದವು ಹೆಚ್ಚಾಗಿ ಇಂಗ್ಲೆಂಡಿನ ಶೆಫೀಲ್ಡಿನವು, ಇಲ್ಲವೇ ಜರ್ಮನಿಯ ಸೋಲಿಂಗೆನ್‌ನವು. ಶೆಫೀಲ್ಡಿನವು ನನಗೆ ಜಾಸ್ತಿ ಇಷ್ಟ. ಅದಕ್ಕೆ ಕಾರಣ ಉಕ್ಕಲ್ಲ, ಕಾಗದ. ಅಲ್ಲಿ ಚಾಕು, ಕತ್ತಿ ಮಾಡುವವರ ಸಂಘ 1624ರಲ್ಲೇ ಪಾರ್ಲಿಮೆಂಟಿನ ಕಾಯ್ದೆಯಿಂದ ಶುರುವಾಯಿತು. ಕಸುಬುದಾರರು ತಮ್ಮ ಗುರುತನ್ನು ಅಲ್ಲಿ ಬರೆಸಬೇಕಿತ್ತು. 1787ರಲ್ಲಿ ಅಚ್ಚಾದ ಊರಿನ ಡೈರೆಕ್ಟರಿಯಲ್ಲಿ ಹೆಸರುಗಳ ಜೊತೆ ಆ ಗುರುತುಗಳೂ ಇವೆ. ಇಷ್ಟೆಲ್ಲ ದಾಖಲೆ ಇರುವಾಗ ಸುಮ್ನೆ ಕೂರಲು ಆಗುತ್ತದಾ?

ಕತ್ತಿ ಕೈಗೆ ಬಂದರೆ ಮೊದಲು ನೋಡುವುದು ಅಲಗಿಗೂ ಬಾಲಕ್ಕೂ (ಮಡಚುವ ಕೀಲಿನ ಆಚೆ ಚಾಚಿದ ತುದಿ) ನಡುವಿನ ದಪ್ಪ ಬುಡವನ್ನು. ಠಸ್ಸೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆ ಜಾಗಕ್ಕೆ ಉಪ್ಪುಕಾಗದ ತಾಗಿಸುವುದೇ ಇಲ್ಲ. ಒಂದು ತೊಟ್ಟು ಎಣ್ಣೆ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಹತ್ತಿ ಬಟ್ಟೆಯಲ್ಲಿ ಒರೆಸುತ್ತೇನೆ. ಆಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ ಮೇಲಿನದನ್ನು ತೆಗೆದರೆ ಅಕ್ಷರಗಳ ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯುತ್ತೇನೆ. ಬೆಳಕಿನ ದಿಕ್ಕು ಬದಲಿಸುತ್ತಾ ಹೋಗಬೇಕು. ಒಂದು ಫೋಟೋದಲ್ಲಿ ಇಲ್ಲದ ಅಕ್ಷರ ಇನ್ನೊಂದರಲ್ಲಿ ಎದ್ದು ಬರುತ್ತದೆ.

ನನ್ನ ಹತ್ತಿರ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಕಂಪನಿಯ ಕತ್ತಿ ಒಂದಿದೆ. ಅದರ ಮೇಲೆ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. ಇದು ಆ ಮನೆತನಕ್ಕೆ 1764ರಲ್ಲಿ ಸಿಕ್ಕ ಗುರುತು. ಹಾಗಂತ ಕತ್ತಿಯೂ ಆ ಕಾಲದ್ದು ಅಂದುಕೊಳ್ಳಬಾರದು. ಕಂಪನಿ 20ನೇ ಶತಮಾನದಲ್ಲೂ ಅದೇ ಠಸ್ಸೆ ಹೊಡೆಯುತ್ತಿತ್ತು. ಕಾಲ ತಿಳಿಯಲು ಬೇರೆ ಅಕ್ಷರ ನೋಡಬೇಕು. 1822ರಲ್ಲಿ ಇವರಿಗೆ ಬ್ರಿಟಿಷ್ ಅರಮನೆಯ ಮನ್ನಣೆ ಸಿಕ್ಕಿತು. ಆಮೇಲೆ ಕಿರೀಟದ ಜೊತೆ ಆಗ ಆಳುತ್ತಿದ್ದವರ ಅಕ್ಷರ ಹಾಕುವ ರೂಢಿ ಬಂತು. ನನ್ನದರಲ್ಲಿ ಇರುವುದು ವಿ ಮತ್ತು ಆರ್, ಅಂದರೆ ವಿಕ್ಟೋರಿಯಾ ರಾಣಿ. 1837ರಿಂದ 1901. ತುಂಬಾ ಉದ್ದವಾಯಿತು, ಅಲ್ವಾ? ಅದನ್ನು ಕುಗ್ಗಿಸಲು ಇನ್ನೊಂದು ದಾರಿ ಇದೆ. 1890ರ ಅಮೆರಿಕದ ಸುಂಕದ ಕಾನೂನು ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತು. ಅಲ್ಲಿಂದ ಮುಂದೆ ‘ಶೆಫೀಲ್ಡ್’ ಪಕ್ಕ ‘ಇಂಗ್ಲೆಂಡ್’ ಕಾಣುವುದು ಹೆಚ್ಚಾಗುತ್ತದೆ. ನನ್ನ ಕತ್ತಿಯಲ್ಲಿ ಅದಿಲ್ಲ. ಅಮೆರಿಕಕ್ಕೆ ಹೋಗದ ಸರಕಿಗೆ ಈ ಕಟ್ಟಳೆ ಇರಲಿಲ್ಲ, ಹಾಗಾಗಿ ಇದೊಂದನ್ನೇ ನಂಬುವ ಹಾಗಿಲ್ಲ. ಅಲಗನ್ನೂ ನೋಡಿದೆ. ಬೆನ್ನಿನಿಂದ ಅಂಚಿನವರೆಗೆ ದಪ್ಪವಾಗೇ ಇಳಿದಿದೆ. ಎರಡೂ ಬದಿ ಆಳವಾಗಿ ತೋಡಿ ಕಾಗದದಷ್ಟು ತೆಳ್ಳಗೆ ಮಾಡುವ ಕೆಲಸ ಹರಡಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಎರಡೂ ಒಂದೇ ಕಡೆ ಬೊಟ್ಟು ಮಾಡಿದ್ದರಿಂದ ಚೀಟಿಯಲ್ಲಿ ‘1890ಕ್ಕಿಂತ ಹಿಂದಿನದು ಇರಬೇಕು’ ಅಂತ ಬರೆದು ಕಟ್ಟಿದೆ. ಮಾರುವವರು ‘1850’ ಅಂತ ಖಡಾಖಂಡಿತವಾಗಿ ಹೇಳುತ್ತಾರೆ. ಯಾವ ಆಧಾರದ ಮೇಲೆ ಅಂತ ಕೇಳಿ ನೋಡಿ!

ರಾಡ್ಜರ್ಸ್ ಹೆಸರಿಗೆ ನಕಲು ಜಾಸ್ತಿ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ‘ಡಿ’ ಇದೆಯಾ, ನಕ್ಷತ್ರ ಮತ್ತು ಶಿಲುಬೆ ಎರಡೂ ಇವೆಯಾ ಅಂತ ನೋಡಲೇಬೇಕು. ಶೆಫೀಲ್ಡಿನ ಹೆಸರು ಹಾಕಿಕೊಂಡ ಜರ್ಮನಿಯ ಮಾಲೂ ಬರುತ್ತಿತ್ತು. ಬ್ರಿಟನ್ 1887ರಲ್ಲಿ ಸರಕಿನ ಗುರುತುಗಳ ಬಗ್ಗೆ ಕಾನೂನು ತಂದಿದ್ದಕ್ಕೆ ಇದೂ ಒಂದು ಕಾರಣ. ಹಿಡಿಯನ್ನಂತೂ ನಾನು ಸಾಕ್ಷಿಗೆ ಕರೆಯುವುದಿಲ್ಲ. ಒಡೆದಾಗಲೆಲ್ಲ ಬದಲಿಸುತ್ತಿದ್ದರು.

‘ಸಿಲ್ವರ್ ಸ್ಟೀಲ್’ ಅಂತ ಕೆತ್ತಿದ ಕತ್ತಿಗಳ ಹಿಂದಿನ ಕಥೆ ನನಗೆ ಬಹಳ ಹಿಡಿಸಿತು. ಲಂಡನ್ನಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಅನ್ನುವ ಕತ್ತಿ ತಯಾರಕನಿದ್ದ. ದಕ್ಷಿಣ ಭಾರತದಿಂದ ಹೋದ ವೂಟ್ಜ್ ಉಕ್ಕು ಅಂದರೆ ಅವನಿಗೆ ಪ್ರಾಣ. ನಮ್ಮ ಮೈಸೂರು ಸೀಮೆಯಲ್ಲೂ ಮೂಸೆಯಲ್ಲಿ ಕರಗಿಸಿ ಆ ಬಗೆಯ ಉಕ್ಕು ಮಾಡುತ್ತಿದ್ದರು. ಅದರ ಗುಟ್ಟು ಹುಡುಕಲು ಅವನ ಜೊತೆ ಸೇರಿದವರು ಮೈಕೆಲ್ ಫ್ಯಾರಡೆ, ಹೌದು, ವಿದ್ಯುತ್ತಿನ ಫ್ಯಾರಡೆಯೇ. 1820ರ ಸುಮಾರಿಗೆ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು. ಬೆಳ್ಳಿ 500ಕ್ಕೆ ಒಂದು ಪಾಲಿದ್ದರೆ ಚೆನ್ನಾಗಿ ಬೆರೆಯಿತು. ಇದು ಸುದ್ದಿಯಾದ ಮೇಲೆ ಎಲ್ಲರೂ ‘ಸಿಲ್ವರ್ ಸ್ಟೀಲ್’ ಅಂತ ಕೆತ್ತತೊಡಗಿದರು. ಹೆಚ್ಚಿನವುಗಳಲ್ಲಿ ಬೆಳ್ಳಿಯ ಸುಳಿವೇ ಇಲ್ಲ. ಆದರೆ ನನಗೆ ಉಪಯೋಗವಿದೆ. ಈ ಅಕ್ಷರ ಕಂಡರೆ 18ನೇ ಶತಮಾನದ ಕತ್ತಿ ಅನ್ನುವವರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಆ ಶತಮಾನದ ಹೆಚ್ಚಿನ ಕತ್ತಿಗಳಿಗೆ ಬಾಲವೂ ತೀರಾ ಮೊಂಡು.

ಆನೆದಂತದ ಹಿಡಿ ಇದ್ದರೆ ನಾನು ಬೆಲೆ ಕೂಡ ಕೇಳುವುದಿಲ್ಲ. ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಅದರ ವ್ಯಾಪಾರ ಅಪರಾಧ. ಮೂಳೆಯೋ ದಂತವೋ ಅನ್ನುವ ಅನುಮಾನ ಬಂದರೆ ಭೂತಗನ್ನಡಿ ಹಿಡಿಯಿರಿ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೀರು ಕಾಣುತ್ತವೆ. ದಂತವನ್ನು ಅಡ್ಡ ಕೊಯ್ದ ಕಡೆ ಒಂದನ್ನೊಂದು ದಾಟುವ ಗೆರೆಗಳಿರುತ್ತವೆ. ಸೆಲ್ಯುಲಾಯ್ಡ್ (ಹಳೆಯ ಬಗೆಯ ಪ್ಲಾಸ್ಟಿಕ್) ಹಿಡಿಯವನ್ನು ಬೇರೆಯೇ ಇಡುತ್ತೇನೆ, ಗಾಳಿಯಾಡುವ ಕಡೆ. ಅದು ಹಾಳಾಗತೊಡಗಿದರೆ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಕತ್ತಿಗಳಿಗೂ ತುಕ್ಕು ಹಿಡಿಯುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕತ್ತಿ ಇದ್ದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮೊದಲು ಬುಡದ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ.