ತಮ್ಮನಿಗೆ ಮೀಸೆ ಚಿಗುರಿದ ಮೇಲೆ

ನನ್ನ ತಮ್ಮನಿಗೆ ಆಟಿಸಂ ಇದೆ. ಕೊಪ್ಪಳದ ನಮ್ಮ ಮನೆಯಲ್ಲಿ ಅಪ್ಪ, ಅಮ್ಮನ ಜೊತೆ ನಾನೂ ಅವನನ್ನು ನೋಡಿಕೊಳ್ಳುತ್ತೇನೆ. ಚಿಕ್ಕ ಮಕ್ಕಳ ಆರೈಕೆ ಬಗ್ಗೆ ಹೇಳುವವರು ಸಿಗುತ್ತಾರೆ. ಹುಡುಗ ಬೆಳೆದು ಗಂಡಸಾಗುವಾಗ ಏನು ಮಾಡಬೇಕೆಂದು ಹೇಳುವವರು ಕಡಿಮೆ.

ಸ್ನಾನವನ್ನು ನಾವು ಕೊನೆಯ ಹಂತದಿಂದ ಕಲಿಸಿದೆವು. ಉಳಿದದ್ದನ್ನೆಲ್ಲ ಅಪ್ಪ ಮಾಡಿ, ಮೈ ಒರೆಸಿಕೊಳ್ಳುವುದನ್ನು ಮಾತ್ರ ಅವನಿಗೆ ಬಿಡುತ್ತಿದ್ದರು. ಅದು ಕೈಗೆ ಕುದುರಿದ ಮೇಲೆ ಕೊನೆಯ ತಂಬಿಗೆ ನೀರು, ಆಮೇಲೆ ಸೋಪು. ಹೀಗೆ ಕಲಿಸಿದರೆ ಕೆಲಸ ಮುಗಿಸಿದ ಖುಷಿ ಪ್ರತಿ ಸಲವೂ ಅವನಿಗೇ ಸಿಗುತ್ತದೆ. ಬಚ್ಚಲಿನ ಬಾಗಿಲು ಹಾಕಿಕೊಳ್ಳುವುದನ್ನು ಚಿಕ್ಕಂದಿನಲ್ಲೇ ರೂಢಿ ಮಾಡಿಸಿ. ಮಗು ಅಂಗಳದಲ್ಲಿ ಬಟ್ಟೆ ಬಿಚ್ಚಿದರೆ ಓಣಿಯವರು ನಕ್ಕು ಸುಮ್ಮನಾಗುತ್ತಾರೆ. ಪ್ರಾಯದ ಹುಡುಗನನ್ನು ಯಾರೂ ಹಾಗೆ ಬಿಡುವುದಿಲ್ಲ.

ಗಡ್ಡ ತೆಗೆಯುವುದು ಇನ್ನೂ ಕಷ್ಟವಿತ್ತು. ಟ್ರಿಮ್ಮರ್ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಮೊದಮೊದಲು ಪಕ್ಕದ ಕೋಣೆಯಲ್ಲಿ ಅದನ್ನು ಚಾಲೂ ಮಾಡಿ ಇಡುತ್ತಿದ್ದೆವು. ನಂತರ ಆಫ್ ಮಾಡಿ ಅವನ ಕೈಗೆ ಕೊಟ್ಟೆವು. ಗುಂಡಿಯನ್ನು ತಾನೇ ಒತ್ತುವಂತಾದಾಗ ಅರ್ಧ ಭಯ ಹೋಯಿತು, ಏಕೆಂದರೆ ಸದ್ದು ನಿಲ್ಲಿಸುವುದೂ ಅವನ ಕೈಯಲ್ಲೇ ಇತ್ತು. ಈಗ ಎಡಗೆನ್ನೆಯಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ!

ಗವಿಮಠದ ಜಾತ್ರೆಯನ್ನು ಬಿಡಲು ಅಮ್ಮ ಒಪ್ಪುವುದಿಲ್ಲ, ನನಗೂ ಅದೇ ಸರಿ ಎನಿಸುತ್ತದೆ. ತೇರಿನ ದಿನ ಬಿಟ್ಟು, ಜನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಹೋಗುತ್ತೇವೆ. ಹಿಂದಿನ ದಿನವೇ ಮೊಬೈಲಿನಲ್ಲಿ ಮಠದ ಫೋಟೋ ತೋರಿಸಿ, ಎಲ್ಲಿಗೆ, ಯಾರ ಜೊತೆ, ಯಾವಾಗ ವಾಪಸ್ ಎಂದು ಹೇಳಿರುತ್ತೇವೆ.

ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ಅವನು ವಯಸ್ಕ. ಹೆತ್ತವರು ತಾವಾಗಿಯೇ ಕಾನೂನಿನ ಪೋಷಕರಾಗಿ (ಗಾರ್ಡಿಯನ್) ಮುಂದುವರಿಯುವುದಿಲ್ಲ. ಪೋಷಕರ ನೇಮಕಕ್ಕೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮೊದಲೇ ಮಾಡಿಸಿದ್ದು ನಮಗೆ ಅನುಕೂಲವಾಯಿತು. ಅದೇ ಕಾಯ್ದೆಯ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಪೋಷಕರಾಗಿ ನೇಮಕವಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಸಲ್ಲಿಸಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಅವನ ಹೆಸರಿನ ಪಾಸ್‌ಬುಕ್, ಪಹಣಿ, ರಸೀದಿಗಳನ್ನು ಬೇರೆಯೇ ಫೈಲಿನಲ್ಲಿ ಇಡುವುದಕ್ಕೆ ಇದೇ ಕಾರಣ.